ಹುಣಸೆಹುಳಿಯಲ್ಲಿ ತೊಳೆದ ಮೆರವಣಿಗೆ

ತೊಂಬತ್ತರ ದಶಕದಲ್ಲಿ ನಾನು ಅಮೆರಿಕದ ಜರ್ಮನ್‌ಟೌನ್‌ನಲ್ಲಿ, ಮೈಸೂರಿನ ಡಾಕ್ಟರ್ ದಂಪತಿಯ ಮನೆಯಲ್ಲಿ ಅಡುಗೆಗಿದ್ದೆ. ಓದಿದ್ದು ಹೈಸ್ಕೂಲು. ಕಾರು ಬಿಡಲು ಬರುತ್ತಿರಲಿಲ್ಲ, ಒಬ್ಬನೇ ಬಸ್ಸು ಹತ್ತುವ ಧೈರ್ಯವೂ ಇರಲಿಲ್ಲ. ನನ್ನ ಪಾಸ್‌ಪೋರ್ಟನ್ನು ಡಾಕ್ಟರು "ಸೇಫಾಗಿರ್ಲಿ ಭಟ್ರೇ" ಎಂದು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

ನನ್ನನ್ನು ಆ ಮನೆಯಿಂದ ಹೊರಗೆ ಕರೆದೊಯ್ಯುತ್ತಿದ್ದವಳು ಒಬ್ಬಳೇ. ಗುರುವಾರಗಳಂದು ಮನೆ ಗುಡಿಸಿ ಒರೆಸಲು ಬರುತ್ತಿದ್ದ ಪಶ್ಚಿಮ ಆಫ್ರಿಕಾದ ಹೆಂಗಸು. ಕೆಲಸ ಮುಗಿದ ಮೇಲೆ ತನ್ನ ಹಳೇ ಕಾರಿನಲ್ಲಿ ನನ್ನನ್ನು ಇಂಡಿಯನ್ ಅಂಗಡಿಗೆ ಕರೆದೊಯ್ದು ಮತ್ತೆ ತಂದು ಬಿಡುತ್ತಿದ್ದಳು. ಕರಿಬೇವು ಕೊಳ್ಳುವುದು ಒಂದು ನೆಪ. ವಯಸ್ಸಿಗೆ ಮರ್ಯಾದೆ ಕೊಟ್ಟು ನನ್ನನ್ನು "ಪಾಪಾ" ಎನ್ನುತ್ತಿದ್ದಳು.

ಡಾಕ್ಟರ ಮನೆಯ ಹಾಲ್‌ನಲ್ಲಿದ್ದ ಶೆಲ್ಫಿನ ಮೇಲೆ ಅವಳ ಸೀಮೆಯದೇ ಒಂದು ಹಿತ್ತಾಳೆ ಮೆರವಣಿಗೆಯಿತ್ತು. ಒಂದೇ ಹಲಗೆಯ ಮೇಲೆ ಬೆರಳುದ್ದದ ಜನ: ಮುಂದೆ ನಗಾರಿಯವರು, ನಡುವೆ ಪಲ್ಲಕ್ಕಿ, ಹಿಂದೆ ಸಾಲು. ಎಲ್ಲರೂ ಹೆಜ್ಜೆ ಎತ್ತಿದ್ದರು, ಎಲ್ಲರ ಇನ್ನೊಂದು ಕಾಲು ಹಲಗೆಗೆ ಅಂಟಿತ್ತು. ಕಪ್ಪು ಹಿಡಿದು ಮುಖ ಮೂತಿ ಕಾಣುತ್ತಿರಲಿಲ್ಲ.

"ಪಲ್ಲಕ್ಕಿಯಲ್ಲಿ ನಿಮ್ಮ ದೇವರಾ?" ಎಂದು ನನ್ನ ಮುರುಕು ಇಂಗ್ಲಿಷಿನಲ್ಲಿ ಕೇಳಿದ್ದೆ.

"ರಾಜ, ಪಾಪಾ. ನೋಡು, ನಮ್ಮಂಥೋರು ಹೊತ್ತಿದ್ದಾರೆ" ಎಂದು ನಕ್ಕಿದ್ದಳು.

ದೀಪಾವಳಿಗೆ ಮುಂಚಿನ ಬುಧವಾರ ದೇವರ ಸಾಮಾನು ತೊಳೆಯಲು ಹುಣಸೆಹಣ್ಣು, ಉಪ್ಪು ಕಲಸಿಕೊಂಡು ಕೂತಿದ್ದೆ. ದೀಪ, ಗಂಟೆ, ಪಂಚಪಾತ್ರೆ ಫಳಫಳ ಅಂದವು. ಹಬ್ಬದ ಮನೆಯಲ್ಲಿ ಹಿತ್ತಾಳೆ ಕಪ್ಪಗಿರಬಾರದು. ಆ ಮೆರವಣಿಗೆಯನ್ನೂ ತಂದು ತಿಕ್ಕಿದೆ. ಕಪ್ಪು ಕಳೆದು ಒಂದೊಂದೇ ಮುಖ ಎದ್ದಿತು. ಸಾಲಿನ ಕೊನೆಯವನು ಬೆನ್ನ ಹಿಂದೆ ಏನನ್ನೋ ಹಿಡಿದಿದ್ದಾನೆಂದು ಅಲ್ಲಿಯವರೆಗೆ ತಿಳಿದಿದ್ದೆ. ಅವನ ಕೈಗಳನ್ನು ಕಟ್ಟಿದ್ದರು.

ಮರುದಿನ ಸಂಜೆ ಅಮ್ಮಾವ್ರು ಡ್ಯೂಟಿ ಮುಗಿಸಿ ಬಂದಾಗ ಆ ಹೆಂಗಸು ಇನ್ನೂ ಅಡುಗೆಮನೆಯ ಸಿಂಕ್ ಉಜ್ಜುತ್ತಿದ್ದಳು.

"ಅಯ್ಯೋ! ಇದನ್ನ ಯಾರು ಪಾಲಿಶ್ ಮಾಡಿದ್ದು? ಆ ಕಪ್ಪೇ ಅದ್ರ ಏಜು! ಈಗ ಮಾಲ್‌ನಲ್ಲಿ ತಂದ ಹಾಗಿದೆ!"

ಅವಳನ್ನು ಕರೆದು ಇಂಗ್ಲಿಷಿನಲ್ಲಿ ಕೇಳಿದರು. ನಾನಲ್ಲ ಎಂದಳು. ಅಮ್ಮಾವ್ರು ನನ್ನತ್ತ ತಿರುಗಿದರು.

"ಭಟ್ರೇ, ನೀವೇನಾದ್ರೂ ಮುಟ್ಟಿದ್ರಾ?"

"ಇಲ್ಲಮ್ಮ. ದೇವರ ಸಾಮಾನು ಬಿಟ್ಟು ನಾನು ಬೇರೆ ಏನೂ ಮುಟ್ಟಿಲ್ಲ."

ಊರಲ್ಲಿ ಮಗಳ ಓದು ನನ್ನ ಸಂಬಳದಲ್ಲಿ ನಡೆಯುತ್ತಿತ್ತು. ಒಪ್ಪಿಕೊಂಡರೆ ವಾಪಸು ಕಳಿಸುತ್ತಾರೆಂದು ಹೆದರಿದೆ. ಸಿಂಕಿನಲ್ಲಿ ಸಿಕ್ಕಿದ್ದ ಹುಣಸೆ ನಾರು ಇನ್ನೂ ಆ ಹೆಂಗಸಿನ ಕೈಯಲ್ಲೇ ಇತ್ತು. ನನ್ನ ಕನ್ನಡ ಅವಳಿಗೆ ತಿಳಿಯದು, ಆದರೆ ನಾನು ಹೇಳಿದ್ದೇನೆಂದು ತಿಳಿಯಿತು. ನಾರನ್ನು ಕಸದ ಬುಟ್ಟಿಗೆ ಹಾಕಿ ಕೈ ತೊಳೆದುಕೊಂಡಳು.

ಇನ್ನು ಬರಬೇಡ ಎಂದರು ಅಮ್ಮಾವ್ರು. ಅವಳು ಕೋಟು ಹಾಕಿಕೊಂಡು ಬಾಗಿಲವರೆಗೆ ಹೋಗಿ ತಿರುಗಿದಳು.

"ಗುರುವಾರ ಅಲ್ವಾ. ಅಂಗಡಿಗೆ ಬರ್ತೀಯಾ, ಪಾಪಾ?"

ನಾನು ತಲೆಯಾಡಿಸಿ ಒಲ್ಲೆ ಎಂದೆ. ಕಾರು ಹೋದ ಸದ್ದು ಕೇಳಿಸಿತು.

ಹಬ್ಬಕ್ಕೆ ಬಂದವರು ಮೆರವಣಿಗೆಯನ್ನು ಮುಟ್ಟಿ ಮುಟ್ಟಿ ಹೊಗಳಿದರು. ಆಮೇಲೆ ದಿನಸಿಯನ್ನು ಡಾಕ್ಟರೇ ತಂದು ಹಾಕತೊಡಗಿದರು. ನಾನು ಹೊರಗೆ ಹೋಗುವ ಅಗತ್ಯವೇ ಉಳಿಯಲಿಲ್ಲ. ಶೆಲ್ಫಿನ ಧೂಳು ಒರೆಸುವ ಕೆಲಸವೂ ನನ್ನ ಪಾಲಿಗೆ ಬಂತು. ಬೇಗ ಕಪ್ಪಾಗಲಿ ಎಂದು ಆ ಕೊನೆಯವನಿಗೆ ಮಾತ್ರ ಬಟ್ಟೆ ತಾಗಿಸುತ್ತಿರಲಿಲ್ಲ. ಕಿಟಕಿ ತೆರೆಯದ, ಹೊರಗಿನ ಗಾಳಿ ತಾಗದ ಆ ಮನೆಯಲ್ಲಿ, ನಾನಿದ್ದಷ್ಟು ದಿನವೂ, ಅವನ ಕೈಗಳು ಹೊಳೆಯುತ್ತಲೇ ಇದ್ದವು.