ಅರ್ಧ ಮುಖದ ಬೆವರು

ಪುರಂದರ ಅವರನ್ನು ಡಾಕ್ಟರ್ ಪಾವನಾ ಮೊದಲ ಮೂರು ಸಲ ನೋಡಿದ್ದು ಒಟ್ಟು ಇಪ್ಪತ್ತೊಂದು ನಿಮಿಷ. ಕುವೈತಿನ ಸಾಲ್ಮಿಯಾದ ಆ ಖಾಸಗಿ ಕ್ಲಿನಿಕ್ಕಿನಲ್ಲಿ ಒಬ್ಬ ರೋಗಿಗೆ ಎಂಟು ನಿಮಿಷ ಎಂದು ನಿಯಮವಿತ್ತು. ಅದು ದಾಟಿದರೆ ಕಂಪ್ಯೂಟರಿನ ಪರದೆಯ ಮೂಲೆ ಕೆಂಪಾಗುತ್ತಿತ್ತು. ವಾರದ ಕೊನೆಗೆ ಆ ಕೆಂಪೆಲ್ಲ ಮ್ಯಾನೇಜರ್ ರುಡಾಲ್ಫ್ ಅವರ ಮೇಜಿನ ಮೇಲೆ ಪಟ್ಟಿಯಾಗಿ ಬರುತ್ತಿತ್ತು.

ಪಾವನಾ ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ ಆಮೇಲೆ ಆಸ್ಟಿಯೋಪತಿ ಕಲಿತವಳು. ಮೂಳೆ, ಕೀಲು, ಸ್ನಾಯುಗಳನ್ನು ಬೆರಳಿನಿಂದ ತಡವಿ ನೋವಿನ ಮೂಲ ಹುಡುಕುವ ವಿದ್ಯೆ ಅದು, ಅವಸರಕ್ಕೆ ಒಗ್ಗುವುದಿಲ್ಲ. ಗಂಡ ಮೋಹಿತ್‌ಗೆ ಕುವೈತಿನ ಬ್ಯಾಂಕೊಂದರಲ್ಲಿ ಕೆಲಸ ಸಿಕ್ಕಾಗ ಅವನ ಜೊತೆ ಬಂದು ಈ ಕ್ಲಿನಿಕ್ ಸೇರಿದ್ದಳು. ಮೊದಲ ವರ್ಷ ಎಂಟು ನಿಮಿಷದ ವಿಷಯಕ್ಕೆ ಜಗಳವಾಡಿದಳು. ಎರಡನೆಯ ವರ್ಷ ಗೊಣಗಿದಳು. ಆರನೆಯ ವರ್ಷದ ಹೊತ್ತಿಗೆ ಏಳೇ ನಿಮಿಷದಲ್ಲಿ ಮುಗಿಸುವುದನ್ನು ಕಲಿತಿದ್ದಳು.

ಪುರಂದರ ಉಡುಪಿ ಕಡೆಯವರು, ವಯಸ್ಸು ಐವತ್ತೆರಡು. ಶುಐಬಾ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದರು. ಎಡ ಭುಜದಲ್ಲಿ ನೋವು ಎಂದು ಬಂದರು. ದಿನವಿಡೀ ಕ್ರೇನಿನಲ್ಲಿ ಕೂರುವವರಿಗೆ ಭುಜ ನೋಯುವುದರಲ್ಲಿ ಅವಳಿಗೆ ವಿಶೇಷವೇನೂ ಕಾಣಲಿಲ್ಲ. ಮೊದಲ ಸಲ ಮಾತ್ರೆ ಬರೆದಳು. ಎರಡನೆಯ ಸಲ ಇಂಜೆಕ್ಷನ್ ಕೊಟ್ಟಳು. ಮೂರನೆಯ ಸಲ ಫಿಸಿಯೋಥೆರಪಿಗೆ ಕಳಿಸಿದಳು. ಮೂರು ಸಲವೂ ಅವರ ಅಂಗಿ ಮೈಮೇಲೇ ಇತ್ತು.

ನಾಲ್ಕನೆಯ ಸಲ ಅವರು ಬಂದದ್ದು ಆಗಸ್ಟ್ ಕೊನೆಯಲ್ಲಿ. ಆವತ್ತು ಬೆಳಗ್ಗೆಯಿಂದ ಕ್ಲಿನಿಕ್ಕಿನ ಕಂಪ್ಯೂಟರುಗಳೆಲ್ಲ ಕೆಟ್ಟು ನಿಂತಿದ್ದವು. ಪರದೆ ಕಪ್ಪಾಗಿತ್ತು, ಹೊರಗಿನಿಂದ ಯಾರೂ ಅವಸರಪಡಿಸುತ್ತಿರಲಿಲ್ಲ. ಪಾವನಾ ಸುಮ್ಮನೆ ಮಾತಿಗೆ, ಬಿಸಿಲು ಹೇಗಿದೆ ಅಲ್ಲಿ ಎಂದು ಕೇಳಿದಳು.

"ಬಿಸಿಲಿನದ್ದು ಕೇಳ್ಬೇಡಿ ಡಾಕ್ಟ್ರೇ. ಒಂದು ತಮಾಷೆ ಉಂಟು. ನನಗೀಗ ಅರ್ಧ ಮುಖಕ್ಕೆ ಮಾತ್ರ ಬೆವರು ಬರುದು. ಈ ಬದಿ ಒಣಗಿಯೇ ಇರ್ತದೆ. ಸೈಟಲ್ಲಿ ಎಲ್ಲ ನೆಗಾಡ್ತಾರೆ."

ಅವರು ಎಡಗೆನ್ನೆ ಮುಟ್ಟಿ ತೋರಿಸಿ ತಾವೂ ನಕ್ಕರು.

ಪಾವನಾ ನಗಲಿಲ್ಲ. ಎದ್ದು ಬಂದು ಅವರ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಎಡಗಣ್ಣಿನ ರೆಪ್ಪೆ ಒಂದೆಳೆಯಷ್ಟು ಕೆಳಗಿಳಿದಿತ್ತು. ಆ ಕಣ್ಣಿನ ಪಾಪೆ ಬಲಗಣ್ಣಿನದಕ್ಕಿಂತ ಚಿಕ್ಕದಿತ್ತು. ಎಡಗೈ ಹಿಡಿದು ನೋಡಿದಳು; ಬೆರಳುಗಳ ನಡುವಿನ ಮಾಂಸ ಕರಗಿ ಗುಳಿ ಬಿದ್ದಿತ್ತು. ಕಿರುಬೆರಳು ಎಷ್ಟು ದಿನದಿಂದ ಜೋಮು ಹಿಡಿದಿದೆ ಎಂದು ಕೇಳಿದಾಗ, ಮೊದಲ ಸಲ ಬಂದಾಗಲೇ ಇತ್ತು, ಹೇಳುವಷ್ಟರಲ್ಲಿ ಸಮಯ ಆಯಿತು ಎಂದರು. ಅಂಗಿ ಬಿಚ್ಚಿಸಿ, ಕುತ್ತಿಗೆಯ ಬುಡದಲ್ಲಿ ಬೆರಳೂರಿ ಒತ್ತಿದಳು. ಅಲ್ಲಿ ಇರಬಾರದ ಒಂದು ಗಟ್ಟಿತನ ಸಿಕ್ಕಿತು. ಮೇಲಿನ ಮಹಡಿಯಿಂದ ಎಕ್ಸ್‌ರೇ ಬರುವ ಹೊತ್ತಿಗೆ ಅವಳಿಗೆ ಗೊತ್ತಾಗಿಹೋಗಿತ್ತು. ಎಡ ಶ್ವಾಸಕೋಶದ ತುದಿಯಲ್ಲಿ ಬಿಳಿ ಗಡ್ಡೆ ಕೂತಿತ್ತು. ಭುಜದ ನರಗಳನ್ನು ಅದೇ ಒತ್ತುತ್ತಿತ್ತು.

ಅವಳು ಬಾಗಿಲು ಹಾಕಿ, ಎದುರು ಕೂತು ಇದ್ದದ್ದನ್ನು ಹೇಳಿದಳು. ಪುರಂದರ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವರು ನಡುವೆಯೇ ನಿಲ್ಲಿಸಿದರು.

"ಮೊದಲೇ ಗೊತ್ತಾಗ್ತಿತ್ತಾ?"

"ಗೊತ್ತಾಗಬಹುದಿತ್ತು. ನಾನು ಸರಿಯಾಗಿ ನೋಡಲಿಲ್ಲ."

ಅವರು ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಊರಲ್ಲಿ ಮಗಳು ಶರಣ್ಯಾಳ ಪರೀಕ್ಷೆ ನಡೆಯುತ್ತಿದೆ, ಮುಗಿಯುವ ತನಕ ಮನೆಗೆ ತಿಳಿಸುವುದಿಲ್ಲ ಎಂದಷ್ಟೇ ಹೇಳಿ, ದೊಡ್ಡ ಆಸ್ಪತ್ರೆಗೆ ಅವಳು ಬರೆದ ಚೀಟಿ ಹಿಡಿದು ಹೊರಟರು. ಎರಡು ವಾರದಲ್ಲಿ ಕಂಪನಿಯವರು ಅವರನ್ನು ಮಂಗಳೂರಿನ ವಿಮಾನ ಹತ್ತಿಸಿದರು.

ಕಂಪ್ಯೂಟರ್ ಸರಿಹೋದ ದಿನ ಪಾವನಾ ಅವರ ದಾಖಲೆ ತೆರೆದು ಒಂದು ಸಾಲು ಸೇರಿಸಿದಳು: ಹಿಂದಿನ ಮೂರು ಭೇಟಿಗಳಲ್ಲಿ ಕೈ, ಕಣ್ಣು, ಕುತ್ತಿಗೆಯ ಪರೀಕ್ಷೆ ಆಗಿಲ್ಲ. ಕೆಳಗೆ ತನ್ನ ಹೆಸರು ಹಾಕಿದಳು. ಅದೇ ವಾರ ರಾಜೀನಾಮೆ ಕೊಟ್ಟಳು.

ಹೋಗಲು ಒಂದು ಜಾಗವೂ ಇತ್ತು. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದ ಕುವೈತಿ ವೈದ್ಯೆ ಡಾಕ್ಟರ್ ಹೆಸ್ಸಾ ಸಮುದ್ರದ ಕಡೆಯ ಕಟ್ಟಡವೊಂದರಲ್ಲಿ ಸಣ್ಣ ಕೇಂದ್ರ ತೆರೆಯುವವರಿದ್ದರು. ಒಬ್ಬೊಬ್ಬ ರೋಗಿಗೂ ಒಂದು ಗಂಟೆ, ಅವರವರ ಮೈಗೆ ತಕ್ಕ ಚಿಕಿತ್ಸೆ, ಅವರವರ ಡಾಕ್ಟರ್ ಅವರಿಗೇ ಎಂಬುದು ಪಾವನಾಳ ಆಸೆ. ಹೆಸ್ಸಾ ಅದನ್ನು ಒಪ್ಪಿ, ಅವಳ ವಿಭಾಗ ಅವಳೇ ನಡೆಸಲಿ ಎಂದಿದ್ದರು. ಆದರೆ ಅವಳ ಇಕಾಮಾ ಎಂಬ ವಾಸದ ಪರವಾನಗಿ, ವೈದ್ಯ ಪರವಾನಗಿ ಎರಡೂ ಹಳೆಯ ಕ್ಲಿನಿಕ್ಕಿಗೇ ಅಂಟಿಕೊಂಡಿದ್ದವು. ಕ್ಲಿನಿಕ್ಕಿನವರು ಬಿಡುಗಡೆಯ ಪತ್ರಕ್ಕೆ ಸಹಿ ಹಾಕದೆ ಯಾವ ಕಾಗದವೂ ಕದಲುವಂತಿರಲಿಲ್ಲ.

ರುಡಾಲ್ಫ್ ಕೆಟ್ಟ ಮನುಷ್ಯನಲ್ಲ. ಮಂಗಳೂರಿನವರು, ಕ್ರಿಸ್‌ಮಸ್ಸಿಗೆ ಅವಳ ಮನೆಗೆ ಕುಸ್ವಾರ್ ತಿಂಡಿ ಕಳಿಸುತ್ತಿದ್ದರು. ಅವಳನ್ನು ಕರೆದು ಕೂರಿಸಿ, ಬಾಗಿಲು ತಾವೇ ಮುಚ್ಚಿದರು.

"ಆ ಲೈನ್ ತೆಗೀರಿ ಡಾಕ್ಟ್ರೇ. ಕ್ಲಿನಿಕ್ ಓನರ್ ಕಫೀಲ್ ನೋಡಿದ್ರೆ ನನ್ನ ಕೆಲಸ ಖಲಾಸ್. ನೀವು ತೆಗೀರಿ, ನಾಳೆ ರಿಲೀಸ್ ಕೊಡ್ತೇನೆ."

"ತೆಗೆಯದೆ ಇದ್ರೆ?"

"ಆಗ ನಂದು ಎಂತದೂ ನಡೆಯುದಿಲ್ಲ. ಫೈಲ್ ಲೈಸೆನ್ಸ್ ಕಮಿಟಿಗೆ ಹೋಗ್ತದೆ. ತಪ್ಪು ನಿಮ್ಮದೇ ಅಂತ ನೀವೇ ಬರೆದು ಕೊಟ್ಟಿದ್ದೀರಿ. ನಿಮಗೆ ಇಲ್ಲಿ ಯಾರು ಲೈಸೆನ್ಸ್ ಕೊಡ್ತಾರೆ ಮತ್ತೆ?"

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೆಂಡತಿಯ ಇಕಾಮಾವನ್ನು ಮೋಹಿತ್ ತನ್ನ ಹೆಸರಿನಡಿ ಮಾಡಿಸಬಹುದಿತ್ತು. ಅವಳು ದೇಶದಲ್ಲಿ ಉಳಿಯುತ್ತಿದ್ದಳು, ಡಾಕ್ಟರಾಗಿ ಉಳಿಯುತ್ತಿರಲಿಲ್ಲ. ಮನೆಯಲ್ಲಿ ಮೋಹಿತ್ ಮೂರನೆಯ ದಿನ ತಡೆಯದೆ ಕೇಳಿಯೇಬಿಟ್ಟ.

"ಒಂದು ಸಾಲು ಅಳಿಸಿದ್ರೆ ಆ ಮನುಷ್ಯನಿಗೆ ಏನು ನಷ್ಟ ಪಾವನಾ? ಅವರು ಆಗಲೇ ಊರಿಗೆ ಹೋಗಿದ್ದಾರೆ."

"ಅವ್ರಿಗೆ ನಷ್ಟ ಇಲ್ಲ. ಇವತ್ತು ಅದನ್ನ ಅಳಿಸಿದ್ರೆ ನಾಳೆ ಇನ್ನೊಬ್ಬರನ್ನ ಏಳು ನಿಮಿಷದಲ್ಲಿ ನೋಡ್ತೀನಿ. ನನಗೆ ನನ್ನ ಮೇಲೆ ನಂಬಿಕೆ ಇಲ್ಲ."

ಸಾಲು ಹಾಗೇ ಉಳಿಯಿತು. ರುಡಾಲ್ಫ್ ಪತ್ರ ಕೊಡಲಿಲ್ಲ. ಫೈಲು ಕಮಿಟಿಗೆ ಹೋಯಿತು. ರಾಜೀನಾಮೆಯ ಗಡುವು ಮುಗಿದು ಕ್ಲಿನಿಕ್ಕಿಗೆ ಹೋಗುವುದೂ ನಿಂತಿತು. ಪಾವನಾ ಬೆಳಗ್ಗೆ ಎದ್ದು ಮೊದಲು ಫೋನ್ ನೋಡುವಳು. ಎಲ್ಲಕ್ಕಿಂತ ಹೆಚ್ಚಾಗಿ ಹೆಸ್ಸಾ ಅವರ ಮೌನ ಅವಳನ್ನು ಹೆದರಿಸಿತು. ಅವಳೇ ಕೊಟ್ಟಿದ್ದ ಫೈಲಿನ ಪ್ರತಿ ಓದಿದ ಮೇಲೆ ಅವರು ಮೂರು ವಾರ ಒಂದು ಮಾತೂ ಆಡಿರಲಿಲ್ಲ.

ಕಮಿಟಿಯ ಕೋಣೆಯಲ್ಲಿ ಮೂವರು ವೈದ್ಯರಿದ್ದರು. ನಡುವೆ ಕೂತ ಹಿರಿಯರು ಆ ಸಾಲನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಓದಿ, ಕ್ಲಿನಿಕ್ಕಿನವರು ಸಮಯ ಕೊಡಲಿಲ್ಲ ಎನ್ನುವುದು ನಿಮ್ಮ ವಾದವೇ ಎಂದು ಕೇಳಿದರು. ಹೌದೆನ್ನುವುದು ಸುಲಭವಿತ್ತು, ಅರ್ಧ ನಿಜವೂ ಆಗಿತ್ತು. ಅಂಗಿ ಬಿಚ್ಚಿಸಿ ನೋಡಲು ಎರಡು ನಿಮಿಷ ಸಾಕಿತ್ತು, ಎಂಟು ನಿಮಿಷದಲ್ಲಿ ಆ ಎರಡು ನನ್ನ ಕೈಯಲ್ಲೇ ಇದ್ದವು ಎಂದಳು ಪಾವನಾ. ಯಾರೂ ಏನೂ ಬರೆದುಕೊಳ್ಳಲಿಲ್ಲ. ಹೊರಗೆ ಕಾಯಲು ಹೇಳಿದರು.

ಹೊರಗಿನ ಬೆಂಚಿನ ಮೇಲೆ ಹೆಸ್ಸಾ ಕೂತಿದ್ದರು. ತಾವು ಬರುವುದಾಗಿ ಅವರು ತಿಳಿಸಿರಲಿಲ್ಲ. ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಐವತ್ತು ನಿಮಿಷ ಇಬ್ಬರೂ ಎದುರಿನ ಗೋಡೆ ನೋಡುತ್ತ ಕೂತರು. ಆಮೇಲೆ ಗುಮಾಸ್ತ ಬಂದು ಒಂದು ಕಾಗದ ಕೊಟ್ಟ. ಎಚ್ಚರಿಕೆ ದಾಖಲಾಗಿದೆ, ಒಂದು ವರ್ಷ ಡಾಕ್ಟರ್ ಹೆಸ್ಸಾ ಅವರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬಹುದು, ಹಳೆಯ ಕ್ಲಿನಿಕ್ಕಿನ ಪತ್ರವಿಲ್ಲದೆಯೂ ವರ್ಗಾವಣೆಗೆ ಅಡ್ಡಿಯಿಲ್ಲ. ಪಾವನಾ ಅದನ್ನು ಎರಡು ಸಲ ಓದಿದಳು. ಯಲ್ಲಾ, ನಡಿ, ಪೇಂಟಿನವರು ಕಾಯುತ್ತಿದ್ದಾರೆ ಎಂದು ಹೆಸ್ಸಾ ಎದ್ದರು.

ಜನವರಿಯಲ್ಲಿ ಕೇಂದ್ರ ತೆರೆಯಿತು. ಮೊದಲ ವಾರ ಬಂದವರು ಇಬ್ಬರು. ಗಂಟೆಗಟ್ಟಲೆ ಪ್ರಶ್ನೆ ಕೇಳುವ ಡಾಕ್ಟರ್ ಎಂದು ಆಮೇಲೆ ಬಂದ ಮೂರನೆಯವನು ಅರ್ಧದಲ್ಲೇ ಎದ್ದುಹೋದ.

ಊರಲ್ಲಿ ಪುರಂದರ ಅವರಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಎಡಗೈಗೆ ಬಲವಿಲ್ಲ, ಇನ್ನು ಕ್ರೇನ್ ಹತ್ತುವಂತಿಲ್ಲ, ಆದರೆ ಗಡ್ಡೆ ಸದ್ಯಕ್ಕೆ ಮತ್ತೆ ಕಾಣಿಸಿಲ್ಲ ಎಂದು, ಪಾವನಾ ವಿಚಾರಿಸಿದ್ದಕ್ಕೆ ಮಗಳು ಶರಣ್ಯಾ ಬರೆದಳು. ಅಪ್ಪ ಏನಾದರೂ ಹೇಳಿದರೇ ಎಂದು ಕೇಳಲು ಪಾವನಾಳಿಗೆ ಧೈರ್ಯ ಬರಲಿಲ್ಲ. ಏಪ್ರಿಲಿನಲ್ಲಿ ಶುಐಬಾದಿಂದ ಒಬ್ಬ ವೆಲ್ಡರ್ ಬಂದ. ಯಾರು ಕಳಿಸಿದರು ಎಂದು ಕೇಳಿದರೆ ಪುರಂದರಣ್ಣ ಫೋನ್ ಮಾಡಿ ಹೇಳಿದರು ಎಂದ. ಅವನ ಹಿಂದೆ ಇನ್ನಿಬ್ಬರು ಬಂದರು.

ಬೇಸಿಗೆಯ ಹೊತ್ತಿಗೆ ದಿನಕ್ಕೆ ಎಂಟು ಮಂದಿಯನ್ನಾದರೂ ನೋಡು ಎಂದು ಹೆಸ್ಸಾ ಪಟ್ಟು ಹಿಡಿದರು. ಆರಕ್ಕಿಂತ ಹೆಚ್ಚು ಸಾಧ್ಯವಿಲ್ಲ ಎಂದು ಪಾವನಾ ಪಟ್ಟು ಹಿಡಿದಳು. ಒಂದು ವಾರ ಇಬ್ಬರೂ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಏಳಕ್ಕೆ ಒಪ್ಪಂದವಾಯಿತು.