ಮನೆಯಲ್ಲೇ ಕೂತು ಮಾಡುವ ಕೆಲಸ

ರಾಯಚೂರಿನ ಬಿಸಿಲಲ್ಲಿ ಕೂತು ಹಿಮದ ಹರಳು ಕತ್ತರಿಸುವ ಹೆಂಗಸು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಬೇಸಿಗೆಯಲ್ಲಿ ಫ್ಯಾನು ಹಾಕಿದರೆ ಕಾಗದ ಹಾರುತ್ತದೆ, ಹಾಕದಿದ್ದರೆ ಬೆವರು ಕಾಗದದ ಮೇಲೆಯೇ ಬೀಳುತ್ತದೆ. ಎರಡರಲ್ಲಿ ಯಾವುದಾದರೊಂದನ್ನು ಆರಿಸಿಕೊಳ್ಳಬೇಕು. ನಾನು ಬೆವರನ್ನು ಆರಿಸಿಕೊಂಡು, ಹಣೆಗೆ ಹಳೆಯ ದುಪಟ್ಟಾ ಬಿಗಿದು, ಯಂತ್ರದ ಹಿಡಿ ತಿರುವುತ್ತೇನೆ.

ಯಂತ್ರ ಎಂದರೆ ದೊಡ್ಡದೇನಲ್ಲ. ಹಿಟ್ಟಿನ ಡಬ್ಬಿಯಷ್ಟು ಗಾತ್ರ, ಒಳಗೆ ಎರಡು ಉರುಳೆ, ಪಕ್ಕದಲ್ಲಿ ಕೈಯಿಂದ ತಿರುವುವ ಹಿಡಿ. ಇದರಲ್ಲಿ ಬಳಸುವ ತೆಳುವಾದ ಉಕ್ಕಿನ ಅಚ್ಚುಗಳಿಗೆ ಡೈ ಅನ್ನುತ್ತಾರೆ. ಒಂದು ಬದಿ ಹರಿತ, ಇನ್ನೊಂದು ಬದಿ ಮೊಂಡು. ಹರಿತದ ಬದಿ ಕೆಳಗಾಗುವಂತೆ ಡೈಯನ್ನು ಕಾಗದದ ಮೇಲಿಟ್ಟು, ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ ಹಲಗೆ ಕೊಟ್ಟು, ಉರುಳೆಗಳ ನಡುವೆ ತೂರಿಸಿ ಹಿಡಿ ತಿರುವಿದರೆ ಕಟಕಟ ಸದ್ದಾಗಿ ಆಚೆ ಕಡೆಯಿಂದ ಹೂವೋ ಬಳ್ಳಿಯೋ ಹೊರಬರುತ್ತದೆ. ಅದನ್ನು ಕಾರ್ಡಿನ ಮೇಲೆ ಅಂಟಿಸಿದರೆ ಶುಭಾಶಯ ಪತ್ರ ಸಿದ್ಧ. ಈ ಡೈಗಳನ್ನು ಮಾಡುವವರು ಯಾವ ದೇಶದವರೋ, ಅವರಿಗೆ ನಮ್ಮ ಕಡೆಯ ಹಬ್ಬ ಹುಣ್ಣಿಮೆಯ ಗಾಳಿಯೇ ಸೋಕಿಲ್ಲ. ಬರುವುದೆಲ್ಲ ಹಿಮ, ಸೂಜಿ ಎಲೆಯ ಮರ, ಜಿಂಕೆ ಎಳೆಯುವ ಗಾಡಿ, ಹಾರ್ಟು. ಕನ್ನಡದ ಒಂದು ಅಕ್ಷರವೂ ಇಲ್ಲ. ಹಿಮದ ಹರಳನ್ನು ನಾನು ರಂಗೋಲಿ ಎಂದು ಹೇಳಿ ಕೊಟ್ಟಿದ್ದೇನೆ, ಇಲ್ಲಿಯವರೆಗೆ ಯಾರೂ ತಕರಾರು ತೆಗೆದಿಲ್ಲ. ಪಕ್ಕದ ಓಣಿಯ ಬೌದ್ಧ ಕುಟುಂಬದವರು ಮಗಳ ಮದುವೆಗೆ ಅರಳಿ ಎಲೆಯ ಕಾರ್ಡು ಬೇಕೆಂದಾಗ, ಹಾರ್ಟಿನ ಚೂಪು ತುದಿ ಕತ್ತರಿಸದಂತೆ ಹಲಗೆಯ ಹೊರಗೆ ಬಿಟ್ಟು, ಆ ತುದಿಗೆ ಕತ್ತರಿಯಿಂದ ಉದ್ದ ಬಾಲ ಬಿಡಿಸಿದೆ. ಹುಡುಗಿಯ ಅಪ್ಪ, ಸರಕಾರಿ ಶಾಲೆಯ ಮೇಷ್ಟ್ರು, ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ನಮ್ಮ ಮನಿ ಕಾರ್ಡು ಅನಸ್ತದ ನೋಡ್ರಿ," ಎಂದರು. ಆ ದಿನ ನಾನು ಊಟ ಮಾಡುವುದನ್ನೇ ಮರೆತಿದ್ದೆ, ಅಷ್ಟು ಖುಷಿಯಾಗಿತ್ತು.

ಖುಷಿಯ ಮಾತನ್ನು ಮೊದಲೇ ಹೇಳಿಬಿಟ್ಟೆ. ಇಲ್ಲದಿದ್ದರೆ ಮುಂದಿನದನ್ನು ಓದಿ, ಇವಳಿಗೆ ಈ ಕೆಲಸವೇ ಸೇರುವುದಿಲ್ಲ ಅಂದುಕೊಳ್ಳುತ್ತೀರಿ. ಹಾಗಲ್ಲ. ಸೇರುತ್ತದೆ. ಸೇರುವುದರಿಂದಲೇ ಸಿಕ್ಕಿಹಾಕಿಕೊಂಡೆ.

ನನ್ನ ತವರು ದೇವದುರ್ಗ ತಾಲೂಕಿನ ಮಸರಕಲ್. ಕುರಿ, ಹೊಲ, ಅದರ ನಡುವೆ ಓದಿದವಳು ನಾನು. ಬಿ.ಎಡ್. ಮಾಡಿ, ರಾಯಚೂರಿಗೆ ಸೊಸೆಯಾಗಿ ಬಂದು, ಇಲ್ಲಿಯ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಮಗಳು ಹುಟ್ಟಿದಾಗ ಬಿಟ್ಟೆ. ಅವಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ನಾನೂ ಮತ್ತೆ ಹೋಗುತ್ತೇನೆ ಎಂದು ನಾನೊಬ್ಬಳೇ ನಂಬಿದ್ದೆ. ನನ್ನ ಗಂಡ ದೇವದುರ್ಗದ ಒಂದು ಕಚೇರಿಯಲ್ಲಿ ನೌಕರ, ದಿನಾ ಬಸ್ಸಿನಲ್ಲಿ ಹೋಗಿ ಬರುವವರು. ಸಂಜೆ ಬಂದು ಕುರ್ಚಿಯಲ್ಲಿ ಬಿದ್ದು, "ಸಾಕಾತು ಈ ಬಸ್ಸಿನ ತಿರುಗಾಟ," ಅನ್ನುತ್ತಿದ್ದರು. ಅವರ ಅಂಗಿಯ ಮೇಲಿನ ಧೂಳು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ಸೀರೆಗೆ ಧೂಳು ಹತ್ತಿ ಎಷ್ಟು ಕಾಲವಾಗಿತ್ತೋ.

ನನ್ನ ಮುಖ ಬಾಡಿದ್ದು ಕಂಡು ಅವರೇ ಆನ್‌ಲೈನಿನಲ್ಲಿ ಈ ಯಂತ್ರ ತರಿಸಿಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ತರಿಸಿದರು. ಮೊದಲು ಮಗಳ ಗೆಳತಿಯರ ಹುಟ್ಟುಹಬ್ಬಕ್ಕೆ ಒಂದೆರಡು ಕಾರ್ಡು ಮಾಡಿದೆ. ಅದನ್ನು ನೋಡಿದವರು ಕೇಳಿದರು, ಕೇಳಿದವರನ್ನು ನೋಡಿ ಇನ್ನೊಬ್ಬರು ಕೇಳಿದರು. ನಮ್ಮ ಅತ್ತೆಯೂ ಬಂದು ಪಕ್ಕದಲ್ಲಿ ಕೂತರು. ಸಣ್ಣ ಕೆತ್ತನೆಯ ಡೈಗಳಲ್ಲಿ ಕಾಗದದ ಚೂರುಗಳು ಸಿಕ್ಕಿಕೊಳ್ಳುತ್ತವೆ, ಅವನ್ನು ಪಿನ್ನಿನಿಂದ ಒಂದೊಂದಾಗಿ ಚುಚ್ಚಿ ತೆಗೆಯಬೇಕು. ಆ ಕೆಲಸವನ್ನು ಅತ್ತೆ ತಮ್ಮದು ಮಾಡಿಕೊಂಡರು. ಮಧ್ಯಾಹ್ನದ ಊಟ ಮುಗಿದರೆ ಸೆರಗಿನ ಪಿನ್ನು ಬಿಚ್ಚಿ ಕೈಯಲ್ಲಿ ಹಿಡಿದು ಬಂದು ಕೂರುವರು. ಜೋಳ ಹಸನು ಮಾಡಿದ ಬೆರಳುಗಳು, ನನಗಿಂತ ಚುರುಕು.

ಮನೆಗೆ ಯಾರು ಬಂದರೂ ಅತ್ತೆ ನನ್ನನ್ನು ಹೊಗಳುವರು. "ನಮ್ಮ ಸೊಸಿ ಹೊಸ್ತಿಲ ದಾಟಂಗಿಲ್ರೀ. ಮನ್ಯಾಗ ಕುಂತಲ್ಲೇ ಎಲ್ಲಾ ಮಾಡ್ತಾಳ." ಹೊಗಳಿಕೆ ಕೇಳಿ ಮೊದಮೊದಲು ನಗುತ್ತಿದ್ದೆ. ಆಮೇಲೆ ಗಮನಿಸಿದೆ, ನಾನು ನಿಜವಾಗಿಯೂ ಹೊಸ್ತಿಲು ದಾಟುತ್ತಿರಲಿಲ್ಲ. ತರಕಾರಿಗೆ ಹೊರಟರೆ, "ನೀ ಕುಂದುರು, ಕಾರ್ಡು ಮುಗಸು, ನಾ ತರ್ತೀನಿ." ಮಸರಕಲ್ಲಿಗೆ ಹೋಗಿ ಅವ್ವನನ್ನು ನೋಡಿ ಬರುತ್ತೇನೆಂದರೆ, "ಆ ನಾಮಕರಣದ ಕಾರ್ಡು ಯಾರ ಮಾಡ್ಬೇಕು?" ಯಾರೂ ಬೈಯಲಿಲ್ಲ, ಯಾರೂ ತಡೆಯಲಿಲ್ಲ. ಎಲ್ಲರೂ ಪ್ರೀತಿಯಿಂದ ಒಂದೊಂದು ಕಾರ್ಡು ಹೇಳಿ ಹೋದರು. ಕಾಗದದ ರಾಶಿ ಬಾಗಿಲಿನ ತನಕ ಬೆಳೆಯಿತು. ಉಸಿರಾಡಲೆಂದು ಹಿಡಿದ ಕೆಲಸ ಉಸಿರು ಕಟ್ಟಿಸುತ್ತಿತ್ತು.

ಅಂಥ ಹೊತ್ತಿನಲ್ಲಿ ಮಾನ್ವಿಯ ಒಂದು ವಸತಿ ಶಾಲೆಯಿಂದ ಫೋನು ಬಂತು. ಹಿಂದೆ ನನ್ನ ಜೊತೆ ಕಲಿಸುತ್ತಿದ್ದವಳು ಅಲ್ಲಿದ್ದಾಳೆ, ಅವಳೇ ನನ್ನ ಹೆಸರು ಹೇಳಿದ್ದಳಂತೆ. ಕನ್ನಡ ಶಿಕ್ಷಕಿ ಬೇಕು, ಬರುವ ಸೋಮವಾರ ಬಂದು ಸೇರಬೇಕು. ಬೆಳಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರಬಹುದು. ಫೋನು ಇಟ್ಟವಳೇ ಕಪಾಟು ತೆರೆದೆ. ಯಾವ ಸೀರೆ ಉಡಬೇಕು ಎಂಬುದನ್ನೂ ಅಲ್ಲೇ ಯೋಚಿಸಿಬಿಟ್ಟೆ.

ಗಂಡನಿಗೆ ಹೇಳಿದರೆ, "ನಂದೇನದ, ಅವ್ವಗ ಒಂದು ಮಾತು ಹೇಳು," ಎಂದರು. ಅತ್ತೆಗೆ ಹೇಳಿದೆ. ಅವರು ಪಿನ್ನು ಚುಚ್ಚುತ್ತಿದ್ದವರು ತಲೆ ಎತ್ತಲಿಲ್ಲ. "ಮಾನ್ವಿ ಅಂದ್ರ ದೂರ ಆತಲ್ಲ," ಎಂದರು. "ದಿನಾ ಹೋಗಿ ಬರಬಹುದ್ರಿ," ಎಂದೆ. "ನೋಡೋಣಂತ." ಬೇಡ ಅನ್ನಲಿಲ್ಲವಲ್ಲ, ಅಷ್ಟೇ ಸಾಕು ಎಂದು ನಾನು ಅಡುಗೆಮನೆಯಲ್ಲಿ ನಿಂತು ಒಬ್ಬಳೇ ನಕ್ಕೆ. ಹುಚ್ಚಿ.

ಮರುದಿನ ಬೆಳಗ್ಗೆ ಅತ್ತೆ ಮಾನ್ವಿಯಲ್ಲಿರುವ ತಮ್ಮನಿಗೆ ಫೋನು ಹಚ್ಚಿದರು. ತಮ್ಮನ ಮಗಳ ಮದುವೆ ದೇವದುರ್ಗದ ಕಡೆಯ ಜಾಲಹಳ್ಳಿಯ ಹುಡುಗನ ಜೊತೆ ಗೊತ್ತಾಗಿತ್ತು. ಕಾರ್ಡು ಪ್ರೆಸ್ಸಿನಲ್ಲಿ ಮಾಡಿಸುವುದೆಂದು ಮಾತಾಗಿದ್ದುದು ನನಗೂ ಗೊತ್ತಿತ್ತು. ಫೋನು ಮುಗಿಸಿ ಬಂದು, "ಲಗ್ನಪತ್ರಿಕಿ ಹೆಂಗ ಕಾಣ್ತದ, ಒಂದಽ ಒಂದು ಮಾಡಿ ತೋರಸು ಬೇ," ಎಂದರು. ಒಂದು ತಾನೇ ಎಂದು ಕೂತೆ. ಕೆಂಪು ಕಾಗದದಲ್ಲಿ ಬಾಗಿಲಿನ ಕಮಾನು ಕತ್ತರಿಸಿದೆ. ಪ್ರೇಮದ ಹಕ್ಕಿಗಳು ಎಂದು ಬಂದಿದ್ದ ಡೈಯನ್ನು ಹಸಿರು ಕಾಗದದಲ್ಲಿ ತೆಗೆದು ಗಿಳಿ ಮಾಡಿದೆ. ನಡುವೆ ಹುಡುಗ ಹುಡುಗಿಯ ಹೆಸರನ್ನು ಕೈಯಲ್ಲೇ ಬರೆದೆ. ಸುಳ್ಳು ಯಾಕೆ ಹೇಳಲಿ, ಚಂದ ಬಂದಿತ್ತು. ಅಂಟು ಒಣಗಲೆಂದು ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋದೆ.

ತಿರುಗಿ ಬರುವಷ್ಟರಲ್ಲಿ ಕಾರ್ಡು ದೇವರ ಜಗಲಿಯ ಮೇಲಿತ್ತು. ನಾಲ್ಕೂ ಮೂಲೆಗೆ ಅರಿಶಿನ ಬಿದ್ದಿತ್ತು. ಅತ್ತೆ ಕೈ ಮುಗಿಯುತ್ತಿದ್ದರು.

ಇದರ ಅರ್ಥ ಹೊರಗಿನವರಿಗೆ ಆಗಲಿಕ್ಕಿಲ್ಲ. ಲಗ್ನಪತ್ರಿಕೆಯ ಮೂಲೆಗೆ ಅರಿಶಿನ ಎಲ್ಲರೂ ಹಚ್ಚುತ್ತಾರೆ. ಆದರೆ ನಮ್ಮ ಅತ್ತೆಯ ಮನೆತನದಲ್ಲಿ ಇನ್ನೂ ಒಂದು ಕಟ್ಟಳೆ ಇದೆ. ಹಿಂದೆ ಊರಿನಲ್ಲಿ ಅಕ್ಷರ ಬಲ್ಲವರೊಬ್ಬರು ಕೂತು ಪತ್ರಿಕೆಗಳನ್ನೆಲ್ಲ ಕೈಯಿಂದ ಬರೆಯುವ ಕಾಲದಲ್ಲಿ, ಮೊದಲನೆಯದಕ್ಕೆ ಅರಿಶಿನ ಬಿದ್ದ ಮೇಲೆ ಕೊನೆಯದರವರೆಗೂ ಅದೇ ಕೈ ಬರೆಯಬೇಕಿತ್ತು. ಕೈ ಬದಲಾದರೆ ಮದುಮಗಳ ಬಾಳು ಇಬ್ಭಾಗ ಆಗುತ್ತದೆಂದು ನಂಬಿಕೆ. ಪ್ರೆಸ್ಸು ಬಂದ ಮೇಲೆ ಅದು ಎಲ್ಲರಿಗೂ ಮರೆತುಹೋಗಿತ್ತು. ಕೈಯಿಂದ ಮಾಡಿದ ನನ್ನ ಕಾರ್ಡು ಅದನ್ನು ಮತ್ತೆ ಎಬ್ಬಿಸಿ ಕೂರಿಸಿತು.

"ಅತ್ತಿ, ಒಂದಽ ಅಂದಿದ್ರಲ್ರಿ," ಎಂದೆ.

"ಅರಿಶಿಣ ಬಿತ್ತವ್ವ," ಎಂದರು ಅತ್ತೆ. "ಇನ್ನ ನಿನ್ನ ಕೈಲೇನಽ ಮುಗೀಬೇಕು. ಕೂಸಿನ ಬಾಳಿನ ಪ್ರಶ್ನಿ ಅದ."

ನಾನು ಇಂಥದ್ದನ್ನು ನಂಬುವವಳಲ್ಲ. ತರಗತಿಯಲ್ಲಿ ಮಕ್ಕಳಿಗೆ ನಂಬಬೇಡಿ ಎಂದು ಹೇಳಿದವಳು. ಆದರೆ ಬಿಟ್ಟು ಹೋಗಿ, ನಾಳೆ ಆ ಹುಡುಗಿಯ ಮನೆಯಲ್ಲಿ ಒಂದು ತಟ್ಟೆ ಒಡೆದರೂ ನನ್ನ ಹೆಸರು ಬರುತ್ತದೆ. ಗಂಡನ ಮುಖ ನೋಡಿದೆ. ಅವರು ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ಶಾಲೆಗೆ ಫೋನು ಮಾಡಿ, ಸ್ವಲ್ಪ ದಿನ ತಡವಾಗಿ ಸೇರಬಹುದೇ ಎಂದು ಕೇಳಿದೆ. ಪರೀಕ್ಷೆ ಹತ್ತಿರ ಇದೆ, ಆಗುವುದಿಲ್ಲ, ಬೇರೆಯವರನ್ನು ನೋಡುತ್ತೇವೆ ಎಂದರು. ಅವರ ತಪ್ಪೇನೂ ಇಲ್ಲ.

ಆ ಸೋಮವಾರವೂ ನಾನು ಹಿಡಿ ತಿರುವಿದೆ. ಹಲಗೆ ಒತ್ತಡಕ್ಕೆ ಬಾಗಿತ್ತು, ಒಂದು ಬದಿ ಕತ್ತರಿಸಿದರೆ ಇನ್ನೊಂದು ಬದಿ ಉಳಿಯುತ್ತಿತ್ತು. ಅಡಿಗೆ ಹಳೆಯ ಕ್ಯಾಲೆಂಡರಿನ ಹಾಳೆ ಕೊಟ್ಟು ಮತ್ತೆ ತಿರುವಿದೆ. ಭುಜ ಉರಿಯುತ್ತಿತ್ತು. ಸಿಟ್ಟು ಎಷ್ಟಿತ್ತೆಂದರೆ ಒಂದೊಂದು ಗಿಳಿಯನ್ನೂ ಕತ್ತು ಹಿಡಿದು ಅಂಟಿಸಿದೆ. ಅತ್ತೆ ಪಕ್ಕದಲ್ಲಿ ಕೂತು ಚೂರು ತೆಗೆಯುತ್ತ, ತಮ್ಮ ಮದುವೆಯ ಕಥೆ, ಗುಂಜಹಳ್ಳಿಯಿಂದ ಬಂಡಿಯಲ್ಲಿ ಬಂದ ಕಥೆ ಹೇಳುತ್ತಿದ್ದರು. ನಾನು ಹೂಂಗುಟ್ಟಲಿಲ್ಲ. ಅವರು ನಿಲ್ಲಿಸಲೂ ಇಲ್ಲ.

ಕಾರ್ಡುಗಳೆಲ್ಲ ಮುಗಿದ ಮೇಲೆ ಇಬ್ಬರೂ ಅವನ್ನು ಚೀಲಗಳಲ್ಲಿ ತುಂಬಿಕೊಂಡು ಮಾನ್ವಿಗೆ ಹೋದೆವು. ಬಹಳ ದಿನಗಳ ಮೇಲೆ ಬಸ್ಸು ಹತ್ತಿದ್ದೆ. ಊರೊಳಗೆ ಹೋಗುವಾಗ ಆ ಶಾಲೆಯ ಗೇಟು ಕಂಡಿತು. ಮಕ್ಕಳು ಸಾಲಾಗಿ ನಿಂತಿದ್ದರು, ಒಬ್ಬಳು ಟೀಚರು ಬಿಸಿಲಿಗೆ ಸೆರಗು ತಲೆಗೆ ಹೊದ್ದು ಏನೋ ಗದರುತ್ತಿದ್ದಳು. ಅತ್ತೆಯೂ ನೋಡಿದರು.

ಮದುಮಗಳ ಮನೆಯಲ್ಲಿ ಕಾರ್ಡು ನೋಡಿ ಎಲ್ಲರೂ ಹಿಗ್ಗಿದರು. ಅತ್ತೆಯ ತಮ್ಮ ಚಹಾ ಕೊಡುತ್ತ, "ಅಕ್ಕ ಕಳಿಸಿದ್ದ ಮೊದಲನೇ ಕಾರ್ಡಿನ ಫೋಟೋ ಹುಡುಗನ ಮನಿಯವರಿಗೆ ಕಳಿಸಿದ್ದೆ," ಎಂದರು. "ಅವರಿಗೆ ಬಾಳ ಪಸಂದ್ ಆಗ್ಯದ. ನಮ್ಮ ಸೊಸಿನೂ ಹಿಂಗಽ ಮನ್ಯಾಗ ಕುಂತು ಮಾಡ್ಲಿ, ನರ್ಸಿಂಗ್ ಮುಂದ ಓದೋದು ಯಾಕ, ರಾತ್ರಿ ಡ್ಯೂಟಿ ಗೀಟಿ ಯಾಕ ಅಂತಾರ. ನಾನೂ ಹೌದ್ರಿ ಅಂದೆ. ಮಷೀನು ನಾವಽ ಕೊಡಸ್ತೀವಿ. ನೀವು ಆಕಿಗಿ ಕಲಸ್ರಿ."

ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. ನರ್ಸಿಂಗ್ ಕೊನೆಯ ವರ್ಷ. ಅವಳ ಕಣ್ಣು ನನ್ನ ಮೇಲೆಯೇ ಇತ್ತು, ಅದರಲ್ಲಿ ದ್ವೇಷ ಇತ್ತು. ನನಗೆ ಆಗಲೇ ತಿಳಿದದ್ದು. ನಾನು ಸಿಕ್ಕಿಬಿದ್ದವಳು ಮಾತ್ರ ಅಲ್ಲ, ಇನ್ನೊಬ್ಬಳನ್ನು ಕೂರಿಸಲು ತೋರಿಸುವ ಮಾದರಿಯೂ ಆಗಿದ್ದೆ.

"ನಾ ಕಲಸಂಗಿಲ್ರಿ," ಎಂದೆ.

ಚಹಾದ ಬಸಿಗಳು ಅಲ್ಲಲ್ಲೇ ನಿಂತವು. "ಯಾಕವ್ವ?" ಎಂದರು ಅತ್ತೆಯ ತಮ್ಮ.

"ಆಕಿ ಪರೀಕ್ಷಿ ಬರೀಲಿ. ಕೆಲಸಕ್ಕ ಸೇರ್ಲಿ. ಆಮ್ಯಾಲ ಖುಷಿಗಿ ಬೇಕಂದ್ರ ಬರ್ಲಿ, ಕಲಸ್ತೀನಿ. ಮನ್ಯಾಗ ಕುಂದರಸಾಕ ಕಲಸಂಗಿಲ್ಲ. ನನಗ ಗೊತ್ತದ ಅದು ಹೆಂಗ ಇರ್ತದ ಅಂತ."

ಧ್ವನಿ ಜೋರಾಗಿತ್ತು, ನನಗೇ ಕೇಳಿಸಿತು. ಹುಡುಗಿ ಒಳಗೆ ಹೋದಳು. ಅತ್ತೆ ಸೆರಗು ಸರಿಮಾಡಿಕೊಂಡು, "ಬಸ್ಸಿಗಿ ಹೊತ್ತಾತು, ನಡಿ," ಎಂದು ಎದ್ದರು.

ಬಸ್ಸಿನಲ್ಲಿ ಬೈಗುಳಕ್ಕೆ ತಯಾರಾಗಿ ಕೂತೆ. ನಿಜ ಹೇಳಬೇಕೆಂದರೆ ಬೈಯಲಿ ಎಂದು ಕಾಯುತ್ತಿದ್ದೆ. ಬೈದರೆ ನಾನೂ ತಿರುಗಿ ಅನ್ನಬಹುದಿತ್ತು, ಎಷ್ಟೋ ಮಾತು ನಾಲಿಗೆಯ ತುದಿಯಲ್ಲೇ ಇದ್ದವು. ಕಲ್ಲೂರು ದಾಟುವವರೆಗೂ ಅತ್ತೆ ಕಿಟಕಿಯ ಹೊರಗೆ ಹತ್ತಿ ಹೊಲಗಳನ್ನು ನೋಡುತ್ತಿದ್ದರು. ಆಮೇಲೆ, ಮುಖ ತಿರುಗಿಸದೆ ಹೇಳಿದರು.

"ಅವತ್ತು ಅರಿಶಿಣ ನಾ ಬೇಕಂತನಽ ಹಚ್ಚಿದೆ."

"ಗೊತ್ತದ್ರಿ," ಎಂದೆ.

"ಏನ್ ಗೊತ್ತದ ನಿನಗ? ನಾ ಈ ಮನಿಗಿ ಬಂದು ಎಷ್ಟು ವರ್ಷ ಆತು. ನಿಮ್ಮ ಮಾವ ಹೊರಗ, ಮಗ ಹೊರಗ. ಮಧ್ಯಾಹ್ನ ಅಂದ್ರ ಗ್ವಾಡಿ ನೋಡಕೋತ ಕುಂದರದು. ನನ್ನ ಜೋಡಿ ಒಬ್ರಾದ್ರೂ ಕುಂತಿದ್ರೇನು? ನೀ ಆ ಮಷೀನು ಹಚ್ಚಿದ ಮ್ಯಾಲ ನನಗ ಮಧ್ಯಾಹ್ನ ಅನ್ನೋದು ಬಂತು. ನೀ ಸಾಲಿಗಿ ಹೋಗ್ತೀನಿ ಅಂದಿ. ನನ್ನ ಎದಿ ಒಡೀತು."

ಸಿಟ್ಟು ಹೋಗಿರಲಿಲ್ಲ, ಇಟ್ಟುಕೊಳ್ಳಲು ಜಾಗ ಇರಲಿಲ್ಲ, ಅಷ್ಟೇ. ನನ್ನ ಕೆಲಸ ಹೋಯಿತು ಎಂದು ಹೇಳಬೇಕೆನಿಸಿತು. ಅವರ ಇಡೀ ಆಯುಷ್ಯದ ಮಧ್ಯಾಹ್ನಗಳ ಮುಂದೆ ಅದನ್ನು ಹೇಗೆ ಹೇಳಲಿ?

"ಮತ್ತ ಯಾರಾದ್ರೂ ಕರದ್ರ ಹೋಗ್ತೀ ಏನು?" ಎಂದು ಕೇಳಿದರು.

"ಹೋಗ್ತೀನ್ರಿ."

"ನಾ ಹೋಗಗೊಡಂಗಿಲ್ಲ," ಎಂದರು. ಸಿಟ್ಟಿನಿಂದಲ್ಲ, ನೀರು ಕೇಳಿದಷ್ಟು ಸಲೀಸಾಗಿ. ಹಾಗೆಂದವರು ಸ್ವಲ್ಪ ಹೊತ್ತಿಗೆಲ್ಲ ನನ್ನ ಭುಜದ ಮೇಲೆ ತಲೆ ಇಟ್ಟು ನಿದ್ದೆಹೋದರು. ಹಿಡಿ ತಿರುವಿ ತಿರುವಿ ನೋಯುತ್ತಿದ್ದ ಭುಜ ಅದು. ರಸ್ತೆಯ ಗುಂಡಿಗೆ ಬಸ್ಸು ಕುಲುಕಿದಾಗಲೆಲ್ಲ ಅವರ ತಲೆ ಜಾರದಂತೆ ಇನ್ನಷ್ಟು ಬಿಗಿಯಾಗಿ ಕೂತೆ. ರಾಯಚೂರು ಬರುವವರೆಗೂ ನಾನು ಅಲುಗಾಡಲಿಲ್ಲ, ಅಲುಗಾಡಲು ಆಗುತ್ತಲೂ ಇರಲಿಲ್ಲ.