ತುಂಬಿದ ತೊಟ್ಟಿ

ಡಿಸೆಂಬರಿನಲ್ಲಿ ಬೆಳಗ್ಗೆ ಎಂಟಾದರೂ ಇಂಗ್ಲಿಷರ ನಾಡಿನ ಅಕ್ಸ್‌ಬ್ರಿಡ್ಜಿಗೆ ಸರಿಯಾಗಿ ಬೆಳಕು ಬರುವುದಿಲ್ಲ. ಕಿಟಕಿಯಾಚೆ ಮಂಜು, ಬೀದಿದೀಪ, ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿರುವ ಯಾರದೋ ಸದ್ದು. ನಮ್ಮ ಅಡುಗೆಮನೆಯ ಮೇಜಿನ ಮೇಲೆ ಮಾತ್ರ ಇಳಿಹೊತ್ತಿನ ಬಿಸಿಲು. ನನ್ನ ಲ್ಯಾಪ್‌ಟಾಪಿನೊಳಗೆ ಆಸ್ಟ್ರೇಲಿಯಾದ ಒಳನಾಡಿನ ಕೆಂಪು ನೆಲ, ಉದ್ದನೆಯ ಸಿಮೆಂಟಿನ ತೊಟ್ಟಿ, ಅದರ ಕಡೆಗೆ ನಡೆದು ಬರುವ ದನಗಳು.

ಅದನ್ನು ನೋಡುತ್ತ ಕೂರುವುದೇ ನನ್ನ ಕೆಲಸ. ಊರೆಂಬುದೇ ಇಲ್ಲದ ಆ ಬಯಲಿನಲ್ಲಿ ದನ ಸಾಕುವವರು ತೊಟ್ಟಿಗಳಿಗೆ ಕ್ಯಾಮೆರಾ ಹಾಕಿಸಿದ್ದಾರೆ, ನೀರಿನ ಮಟ್ಟ ಅಳೆಯುವ ಯಂತ್ರ ಕೂರಿಸಿದ್ದಾರೆ. ಮನೆಯಿಂದ ತೊಟ್ಟಿಗೆ ಜೀಪಿನಲ್ಲಿ ಒಂದೂವರೆ ಗಂಟೆಯ ದಾರಿ, ದಿನಾ ಯಾರು ಹೋಗುತ್ತಾರೆ? ತೊಟ್ಟಿ ಬರಿದಾದರೆ ನನ್ನ ಪರದೆ ಕೆಂಪಾಗುತ್ತದೆ, ತುಂಬಿದ್ದರೆ ಹಸಿರು. ಕೆಂಪಾದರೆ ಫೋನ್ ಮಾಡಬೇಕು. ಹಸಿರಿದ್ದರೆ ಚಹಾ ಕುಡಿಯಬಹುದು.

ಗಂಡ ನಸುಕಿನಲ್ಲೇ ಪಾರ್ಕ್ ರಾಯಲ್‌ನ ಗೋದಾಮಿಗೆ ಹೊರಟುಬಿಡುತ್ತಾನೆ. ಆಮೇಲೆ ಮನೆಯಲ್ಲಿ ನಾನು, ನಮ್ಮತ್ತೆ. ಅತ್ತೆ ವಿಜಯಪುರದ ಕಡೆಯವರು, ಬಿಳಿಜೋಳ ಬೆಳೆದು ದನ ಕಟ್ಟಿ ಬದುಕಿದವರು. ಬಂದ ವಾರದಲ್ಲೇ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

“ಯವ್ವಾ, ದನಾ ಕಾಯಾಕ ಪಗಾರ ಕೊಡ್ತಾರ? ಅದೂ ಕುಂತಲ್ಲೇ!” ಎಂದು ಗಲ್ಲಕ್ಕೆ ಕೈ ಹಚ್ಚಿದರು.

ಆ ಕ್ಯಾಮೆರಾ ಮೂರು ನಿಮಿಷಕ್ಕೊಂದು ಚಿತ್ರ ಕಳಿಸುತ್ತದೆ. ಒಂದರಲ್ಲಿ ಬಯಲು ಖಾಲಿ, ಇನ್ನೊಂದರಲ್ಲಿ ಹತ್ತು ದನ, ಮತ್ತೊಂದರಲ್ಲಿ ಬರೀ ಧೂಳು. ನಿದ್ದೆಗಣ್ಣಿನಲ್ಲಿ ಕಂಡ ಹಾಗೆ. ಚಿತ್ರ ಬದಲಾಗುವ ತನಕ ಇಬ್ಬರೂ ಸುಮ್ಮನೆ ಕಾಯುತ್ತಿದ್ದೆವು. ಆ ಕೆಂಪು ಮಣ್ಣು ನೋಡಿ ನೋಡಿ, ಕಾಲಡಿಯ ಕಾರ್ಪೆಟ್ಟೂ ಬೆಚ್ಚಗಾದಂತೆ ಅನಿಸುತ್ತಿತ್ತು. ಕಿವಿ ಸೀಳಿದ ಒಂದು ಹಸುವನ್ನು ಅತ್ತೆ ಕಿವಿಹರಕಿ ಅಂತ ಕರೆಯತೊಡಗಿದ್ದರು. ಅದು ಕಾಣದ ದಿನ ಅವರ ಮುಖ ಬಾಡುತ್ತಿತ್ತು.

ಆ ಚಳಿಗಾಲದಲ್ಲಿ ಅತ್ತೆಗೆ ತಲೆಸುತ್ತು ಶುರುವಾಯಿತು. ಮೈಯಲ್ಲಿ ನೀರು ಕಡಿಮೆಯಾಗಿದೆ, ಚೆನ್ನಾಗಿ ಕುಡಿಸಿ ಎಂದರು ಜಿಪಿ ಡಾಕ್ಟರು. ಅಷ್ಟೇ ತಾನೆ ಎಂದುಕೊಂಡೆ. ನಮ್ಮ ಮನೆಯಲ್ಲಿ ಮಲಗುವ ಕೋಣೆ, ಬಚ್ಚಲು, ಕಕ್ಕಸು ಎಲ್ಲ ಮೇಲಿನ ಮಹಡಿಯಲ್ಲಿ. ಅತ್ತೆ ಬೆಳಗ್ಗೆ ಒಮ್ಮೆ ಇಳಿದು ಬಂದರೆ ಸಂಜೆಯ ತನಕ ಕೆಳಗೇ. ದಿನಾ ಏಳಕ್ಕೆ ತಾಮ್ರದ ಚಂಬು ತುಂಬಿ ಅವರ ಕೈಗೆ ಸಿಗುವಂತೆ ಇಡುತ್ತಿದ್ದೆ. ಸಂಜೆ ನೋಡಿದರೆ ಚಂಬು ಮತ್ತೆ ತುಂಬಿರುತ್ತಿತ್ತು. ಕುಡಿದು ತಾವೇ ತುಂಬಿಸಿಟ್ಟಿದ್ದಾರೆ, ಎಷ್ಟು ಅಚ್ಚುಕಟ್ಟು ಎಂದು ಖುಷಿಪಟ್ಟೆ. ಆದರೆ ತಲೆಸುತ್ತು ಮಾತ್ರ ನಿಲ್ಲಲಿಲ್ಲ. ಅತ್ತೆ ಗೋಡೆ ಹಿಡಿದು ನಡೆಯುತ್ತಿದ್ದರು. ಎಲ್ಲಾದರೂ ಬಿದ್ದು ಸೊಂಟ ಮುರಿದುಕೊಂಡರೆ ಗತಿಯೇನು ಎಂದು ನನಗೆ ದಿನವಿಡೀ ದಿಗಿಲು.

ಒಂದು ಬೆಳಗ್ಗೆ ಅತ್ತೆ ಪರದೆಗೆ ಮೂಗು ತಾಗುವಷ್ಟು ಬಾಗಿದರು.

“ಯಾಕವಾ, ದನಾ ನೀರು ಕುಡಿಯವಲ್ವು?”

“ಕುಡೀತಾವ ಬಿಡ್ರಿ ಅತ್ತಿ. ತೊಟ್ಟಿ ತುಂಬೈತಿ. ಹಸಿರು ತೋರಸಾಕತ್ತೈತಿ ನೋಡ್ರಿ.”

“ನೀ ಹಸಿರು ನೋಡ್ತಿ. ದನದ ಮಾರಿ ನೋಡು. ಕಿವಿಹರಕಿ ತೊಟ್ಟಿ ತನಕಾ ಬಂತು, ಈಗ ನೋಡಿದ್ರ ಹಿಂದ ಸರದು ನಿಂತೈತಿ. ನಿನ್ನೀನೂ ಹಂಗ ಮಾಡಿತ್ತು.”

ನಾನು ಕೇಳಿಸಿಕೊಳ್ಳದವಳಂತೆ ಕೂತೆ. ಹಿಂದೊಮ್ಮೆ ಇವರ ಮಾತು ಕೇಳಿಯೇ ಫೋನ್ ಮಾಡಿದ್ದೆ. ಪಾಪ, ದನದ ಒಡತಿ ಸುಡುವ ಬಿಸಿಲಲ್ಲಿ ಸುಮ್ಮನೆ ಹೋಗಿ ಬಂದಿದ್ದಳು. ನನಗೂ ಮ್ಯಾನೇಜರಿಂದ ಚೆನ್ನಾಗಿ ಮಂಗಳಾರತಿ ಆಗಿತ್ತು.

“ಅಯ್ಯ ಹುಚ್ಚಿ!” ಅತ್ತೆಗೆ ಸಿಟ್ಟೇ ಬಂತು. “ಇಷ್ಟ ದನಾ ಬಂದು ನಿಂತಾವು. ಕುಡದಿದ್ರ ನೀರು ಇಳೀಬೇಕಿತ್ತಿಲ್ಲೋ? ತುಂಬೇ ಐತಿ ಅಂದ್ರ ಯಾರೂ ಬಾಯಿ ಹಚ್ಚಿಲ್ಲಂತ!”

ನನ್ನ ಕೈ ಮೌಸಿನ ಮೇಲೇ ನಿಂತಿತು. ಹಿಂದಿನ ದಾಖಲೆ ತೆಗೆದೆ. ದನ ಕುಡಿದಾಗ ಇಳಿದು, ಆಮೇಲೆ ಕೊಳವೆಯ ನೀರು ತುಂಬಿ ಏರಿ, ಅಂಕುಡೊಂಕಾಗಿರಬೇಕಿದ್ದ ಗೆರೆ ಎರಡು ದಿನದಿಂದ ನೆಟ್ಟಗೆ ಓಡಿತ್ತು. ಹಸಿರು ದೀಪ ನೋಡಿಕೊಂಡು ಚಹಾ ಕುಡಿದಿದ್ದೇನಲ್ಲ ನಾನು, ಥೂ!

ಫೋನ್ ಮಾಡಿದೆ. ಆ ಕಡೆಯಿಂದ ಒಡತಿ, “ಮತ್ತೆ ನೀನೇನಾ ತಾಯಿ!” ಎಂದು ನರಳಿದಳು. ಆದರೂ ಜೀಪು ಹತ್ತಿದಳು.

ಒಂದೂವರೆ ಗಂಟೆ ಕಾದೆವು. ನಮ್ಮ ಕಿಟಕಿಯಲ್ಲಿ ಮೆಲ್ಲಗೆ ಬೆಳಕು ಏರುತ್ತಿತ್ತು, ಅಲ್ಲಿಯ ನೆರಳುಗಳು ಉದ್ದವಾಗುತ್ತಿದ್ದವು. ಒಂದು ಚಿತ್ರದಲ್ಲಿ ದೂರದಲ್ಲಿ ಧೂಳು. ಇನ್ನೊಂದರಲ್ಲಿ ಟೊಪ್ಪಿಗೆ ಹಾಕಿದ ಹೆಂಗಸು ತೊಟ್ಟಿಯ ಆಚೆ ತುದಿಯಲ್ಲಿ ಬಾಗಿದ್ದಳು. ಮುಂದಿನದರಲ್ಲಿ ಅವಳ ಕೈಯಲ್ಲಿ ಸತ್ತು ಊದಿದ ಕಾಂಗರೂ ಮರಿ. ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ಬಿದ್ದು ನೀರೆಲ್ಲ ಕೊಳೆಸಿಬಿಟ್ಟಿತ್ತು. ಅವಳು ತೊಟ್ಟಿ ಖಾಲಿ ಮಾಡಿದಳು, ತಿಕ್ಕಿದಳು, ಹೊಸ ನೀರು ಬಿಟ್ಟಳು. ನನ್ನ ಪರದೆ ಕೆಂಪಾಯಿತು, ಮೆಲ್ಲಗೆ ಹಸಿರಿಗೆ ತಿರುಗಿತು, ನೀರಿನ ಗೆರೆ ಮತ್ತೆ ಇಳಿಯತೊಡಗಿತು. ದನಗಳು ಸಾಲಾಗಿ ಮುಖ ಹುದುಗಿಸಿ ನಿಂತಿದ್ದವು.

“ಕುಡೀರಿ ನನ್ನವ್ವಗೋಳ್ರಾ, ಕುಡೀರಿ,” ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಇನ್ನೊಂದು ದಿನ ಹೋಗಿದ್ದರೆ ಅರ್ಧಕ್ಕರ್ಧ ದನ ನೆಲ ಹಿಡಿಯುತ್ತಿದ್ದವು ಎಂದು ಒಡತಿ ಫೋನಿನಲ್ಲಿ ಹೇಳಿದಳು. ಅತ್ತೆಗೂ ಇಷ್ಟು ನೀರು ಕೊಡೋಣವೆಂದು ಸಂಭ್ರಮದಲ್ಲೇ ಚಂಬಿಗೆ ಕೈ ಹಾಕಿದೆ.

ಕಂಠದ ತನಕ ತುಂಬಿತ್ತು.

ಏಳಕ್ಕೆ ತುಂಬಿಟ್ಟದ್ದು. ಈಗ ಹನ್ನೊಂದು. ಅತ್ತೆ ಆ ಕುರ್ಚಿ ಬಿಟ್ಟು ಎದ್ದೇ ಇರಲಿಲ್ಲ.

“ಅತ್ತಿ, ನೀರು ಕುಡಿದಿಲ್ಲೇನ್ರಿ?”

ಅತ್ತೆ ಪರದೆಯ ಕಡೆಗೆ ತಿರುಗಿಕೊಂಡರು.

“ನಿನ್ನೆ? ಮೊನ್ನೆ?”

ಅತ್ತೆ ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡರು. “ಕುಡದ್ರ ಮ್ಯಾಲ ಹೋಗಬೇಕಲ್ಲವಾ. ಹದಿಮೂರು ಮೆಟ್ಲ. ಮೊಣಕಾಲು ಕೇಳವಲ್ವು. ನೀ ಕೆಲಸದಾಗ ಇರ್ತಿ, ಹೊತ್ತೊತ್ತಿಗೂ ಕಕ್ಕಸಿಗೆ ಕರಕೊಂಡ ಹೋಗಂತ ಹೆಂಗ ಕೇಳ್ಲಿ?”

ನನಗೆ ಸಿಟ್ಟು ಬಂತು, ಅಳುವೂ ಬಂತು. ಸಿಟ್ಟು ನನ್ನ ಮೇಲೇ. ಸಮುದ್ರದಾಚೆಯ ಮೂಕ ಪ್ರಾಣಿಗಳಿಗಾಗಿ ನನ್ನ ಜೊತೆ ಜಗಳಕ್ಕೆ ನಿಂತ ಹೆಂಗಸು ತನ್ನ ಬಾಯಾರಿಕೆಗೆ ತುಟಿ ಬಿಚ್ಚಿರಲಿಲ್ಲ. ನಾನು ಮೊಳ ದೂರದಲ್ಲೇ ಕೂತು ಚಂಬು ನೋಡಿದ್ದೆ, ಅವರ ಮುಖ ನೋಡಿರಲಿಲ್ಲ.

“ನೂರು ಸಲ ಕರೀರಿ,” ಎಂದೆ. “ಮೊದಲು ಇದನ್ನ ಕುಡೀರಿ.”

ಅತ್ತೆ ದನಗಳನ್ನು ನೋಡುತ್ತಲೇ ಚಂಬೆತ್ತಿ ಗಟಗಟ ಕುಡಿದರು. ಅರ್ಧ ಗಂಟೆಯ ಮೇಲೆ ಇಬ್ಬರೂ ಮೆಟ್ಟಿಲು ಹತ್ತಿದೆವು, ಅವರ ಕೈ ನನ್ನ ಹೆಗಲ ಮೇಲೆ. ಏಳನೆಯ ಮೆಟ್ಟಿಲಲ್ಲಿ ನಿಂತು ಉಸಿರು ತೆಗೆದುಕೊಂಡರು.

“ಕೆಲಸಾ ಬಿಟ್ಟು ಬಂದಿ. ಬೈತಾರವಾ.”

“ದನಾ ಕಾಯಾಕತ್ತೀನಿ ಅಂತ ಹೇಳ್ತೀನ್ರಿ.”

ಅತ್ತೆ ನನ್ನ ಬೆನ್ನಿಗೊಂದು ಗುದ್ದಿದರು. ಆಮೇಲೆ ಉಳಿದ ಆರು ಮೆಟ್ಟಿಲು ಹತ್ತಿದೆವು.